94ವಿ-0 ಬೋರ್ಡ್ ಸಿಗುತ್ತಾ? ಸಿಂಧನೂರಿನ ಗಿರಣಿಯಿಂದ ಒಂದು ಪಿಸಿಬಿ ಕಂಪನಿಯ ಕಥೆ

[ದೃಶ್ಯ: ಅಕ್ಕಿ ಗಿರಣಿಯ ಒಳಗೆ. ಸಾರ್ಟೆಕ್ಸ್ ಮಷೀನು ನಿಂತಿದೆ, ಪಕ್ಕದ ಬಾಗಿಲು ತೆರೆದಿದೆ.]

ನಮಸ್ಕಾರ. ಸಿಂಧನೂರಿನಿಂದ ಮಾತಾಡುತ್ತಿದ್ದೇನೆ. ಹಿಂದೆ ಕೇಳಿಸುವ ಗುಯ್ಯ್ ಸದ್ದು ಗಿರಣಿಯದು, ಮೈಕಿನ ತಪ್ಪಲ್ಲ.

ಹೋದ ಸುಗ್ಗಿಯಲ್ಲಿ ನಮ್ಮ ಪರಿಚಯದವರ ಗಿರಣಿಯ ಸಾರ್ಟೆಕ್ಸ್ ಕೆಟ್ಟು ನಿಂತಿತು. ಸಾರ್ಟೆಕ್ಸ್ ಗೊತ್ತಲ್ಲ? ಅಕ್ಕಿ ಮೇಲಿಂದ ಜಾರಿ ಬೀಳುತ್ತದೆ, ಕ್ಯಾಮೆರಾ ಒಂದೊಂದು ಕಾಳನ್ನೂ ನೋಡುತ್ತದೆ, ಕಪ್ಪು ಕಾಳು ಕಂಡ ಕೂಡಲೇ ಗಾಳಿ ಫಟ್ ಅಂತ ಹೊಡೆದು ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಅದು ನಿಂತರೆ ಅಕ್ಕಿಗೆ ರೇಟ್ ಇಲ್ಲ. ಮೆಕ್ಯಾನಿಕ್ ಬಂದ, ಬಾಗಿಲು ತೆಗೆದ, ಮೂಸಿ ನೋಡಿದ. "ಬೋರ್ಡ್ ಸುಟ್ಟೈತ್ರಿ ಅಣ್ಣಾರ" ಅಂದ.

ಬೋರ್ಡಿನ ಮೇಲೆ ನಂಬರ್ ಹುಡುಕಿದೆವು. ಸ್ಪಷ್ಟವಾಗಿ ಕಂಡದ್ದು ಒಂದೇ: 94ವಿ-0. ಮಾಡೆಲ್ ಸಿಕ್ಕಿತು ಅಂತ ಖುಷಿಯಾಗಿ ನಾನೇ ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಿಗೆ ಫೋನ್ ಹಚ್ಚಿದೆ. "94ವಿ-0 ಬೋರ್ಡ್ ಸಿಗುತ್ತಾ?" ಮೂರನೇ ಅಂಗಡಿಯವರು ನಗುತ್ತಾ ಹೇಳಿದರು: "ಸಾರ್, ನಿಮ್ಮ ಟಿವಿ ರಿಮೋಟ್ ಬಿಚ್ಚಿ ನೋಡಿ, ಅದರ ಮೇಲೂ ಇರುತ್ತೆ."

[ದೃಶ್ಯ: ಟಿವಿ ರಿಮೋಟ್, ಚಾರ್ಜರ್, ಮೋಟರ್ ಸ್ಟಾರ್ಟರ್ ಬೋರ್ಡುಗಳು ಮೇಜಿನ ಮೇಲೆ.]

ನಿಜ. ಅದು ಮಾಡೆಲ್ ನಂಬರ್ ಅಲ್ಲ. ಯುಎಲ್ ಎಂಬ ಅಮೆರಿಕದ ಸಂಸ್ಥೆಯ ಬೆಂಕಿ ಪರೀಕ್ಷೆಯ ಗುರುತು. ಬೋರ್ಡಿನ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಬೆಂಕಿ ಹಿಡಿಯುತ್ತಾರೆ. ಬೆಂಕಿ ತೆಗೆದ ಮೇಲೆ 10 ಸೆಕೆಂಡಿನೊಳಗೆ ಉರಿ ಆರಬೇಕು, ಉರಿಯುವ ಹನಿ ಕೆಳಗೆ ಬೀಳಬಾರದು. ಅಂದರೆ ನಾನು ಅಂಗಡಿಯವರನ್ನು ಕೇಳಿದ್ದು, ಐಎಸ್‌ಐ ಮಾರ್ಕ್ ಇರುವ ಸಾಮಾನು ಕೊಡಿ ಅಂದ ಹಾಗೆ. ಯಾವ ಸಾಮಾನು ಅಂತ ಹೇಳದೆ!

ಕೊನೆಗೆ ಮಷೀನು ಕಂಪನಿಯವರೇ ಹೊಸ ಬೋರ್ಡಿನ ರೇಟ್ ಹೇಳಿದರು. ಒಂದು ಹೊಸ ಬೈಕಿನ ರೇಟು. ಅಂಗೈಗಿಂತ ಸ್ವಲ್ಪ ದೊಡ್ಡದಾದ ಹಸಿರು ಹಲಗೆಗೆ! ಹೊಲದ ಮೋಟರ್ ಸ್ಟಾರ್ಟರಿನ ಬೋರ್ಡ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಇದೂ ಬೋರ್ಡು, ಅದೂ ಬೋರ್ಡು. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು? ಚಿಪ್ಪುಗಳ ಬೆಲೆ, ಮಷೀನು ಕಂಪನಿಯ ಲಾಭ ಎಲ್ಲ ಅದರಲ್ಲಿ ಸೇರಿರುತ್ತದೆ, ಒಪ್ಪಿದೆ. ಇವತ್ತು ಆ ಚಿಪ್ಪುಗಳ ಕೆಳಗಿನ ಖಾಲಿ ಹಲಗೆ, ಅಂದರೆ ಪಿಸಿಬಿ, ಅದನ್ನು ಮಾಡುವವರ ವ್ಯಾಪಾರ ನೋಡೋಣ. ಉದಾಹರಣೆಗೆ ಎಟಿ ಅಂಡ್ ಎಸ್ ಎಂಬ ಒಂದು ಕಂಪನಿ ತಗೊಂಡಿದ್ದೇನೆ. ಅದಕ್ಕೆ ನಮ್ಮ ನಂಜನಗೂಡಿನಲ್ಲೂ ಒಂದು ಫ್ಯಾಕ್ಟರಿ ಇದೆ.

[ದೃಶ್ಯ: ಖಾಲಿ ಪಿಸಿಬಿ, ಹತ್ತಿರದಿಂದ. ಬೆಳಕಿಗೆ ಹಿಡಿದಾಗ ಒಳಗಿನ ಗೆರೆಗಳು ಕಾಣುತ್ತವೆ.]

ಪಿಸಿಬಿ ಅಂದರೆ ಗಾಜಿನ ನೂಲಿನ ಬಟ್ಟೆ, ಎಪಾಕ್ಸಿ ಅಂಟು, ಮೇಲೆ ತಾಮ್ರದ ಹಾಳೆ. ತಾಮ್ರ ಸಾಮಾನ್ಯವಾಗಿ 35 ಮೈಕ್ರಾನ್ ದಪ್ಪ, ತಲೆಗೂದಲಿನ ಅರ್ಧದಷ್ಟು. ಬೇಡದ ತಾಮ್ರವನ್ನು ಕೆಮಿಕಲ್ಲಿನಲ್ಲಿ ಕರಗಿಸಿ ತೆಗೆದರೆ ಉಳಿಯುವುದೇ ಗೆರೆಗಳು. ಅವೇ ವೈರು. ಈ ಉಪಾಯವನ್ನು 1930ರ ದಶಕದಲ್ಲಿ ಬೆಳೆಸಿದವನು ಪೌಲ್ ಐಸ್ಲರ್, ಆಸ್ಟ್ರಿಯಾದಿಂದ ಇಂಗ್ಲೆಂಡಿಗೆ ಹೋಗಿದ್ದ ಎಂಜಿನಿಯರ್. ಆಸ್ಟ್ರಿಯಾ ಎಂಬ ಹೆಸರು ನೆನಪಿಟ್ಟುಕೊಳ್ಳಿ.

ಸ್ಟಾರ್ಟರಿನ ಬೋರ್ಡಿಗೆ ಒಂದೋ ಎರಡೋ ಪದರು ಸಾಕು. ಸಾರ್ಟೆಕ್ಸ್‌ನ ಕ್ಯಾಮೆರಾ ಬೋರ್ಡಿಗೆ ಅಷ್ಟು ಸಾಲದು. ಪದರಿನ ಮೇಲೆ ಪದರು ಇಟ್ಟು, ಬಿಸಿ ಪ್ರೆಸ್ಸಿನಲ್ಲಿ ಒತ್ತಿ, ತೂತು ಕೊರೆದು, ತೂತಿನ ಒಳಗೋಡೆಗೂ ತಾಮ್ರ ಹಿಡಿಸಬೇಕು. ಒಳಪದರು ಕೂದಲೆಳೆಯಷ್ಟು ಸರಿದರೂ ತೂತು ತಪ್ಪು ಜಾಗದಲ್ಲಿ ಬೀಳುತ್ತದೆ. ಒತ್ತಿದ ಮೇಲೆ ಬಿಚ್ಚಿ ಸರಿಮಾಡಲು ಆಗುವುದಿಲ್ಲ. ಒಳಗೆ ಹೂರಣ ಹಳಸಿದ ಹೋಳಿಗೆ ಹಾಗೆ, ಬಿಸಾಕುವುದೇ.

ಇಲ್ಲಿ ಒಂದು ಲೆಕ್ಕ ಹೇಳಬೇಕು. ನನ್ನ ಪ್ರಕಾರ ಈ ಇಡೀ ಧಂದೆಯ ಗುಟ್ಟು ಇದರಲ್ಲೇ ಇದೆ.

[ದೃಶ್ಯ: ಕಪ್ಪು ಹಲಗೆ. ನಿರೂಪಕ ಸೀಮೆಸುಣ್ಣದಿಂದ ಬರೆಯುತ್ತಾನೆ: 100, 99, 98...]

ಒಂದು ಬೋರ್ಡಿಗೆ 40 ಹಂತದ ಕೆಲಸ ಇದೆ ಅಂದುಕೊಳ್ಳಿ. ಪ್ರತಿ ಹಂತದಲ್ಲೂ ನೂರಕ್ಕೆ 99 ಸರಿ, ಒಂದು ಮಾತ್ರ ಕೆಡುತ್ತದೆ. ಕೇಳೋಕೆ ಚೆನ್ನಾಗಿದೆ, ಅಲ್ವಾ? 40 ಹಂತ ದಾಟಿದ ಮೇಲೆ ನೂರರಲ್ಲಿ ಉಳಿಯುವುದು 67. ಮೂರರಲ್ಲಿ ಒಂದು ಬೋರ್ಡ್ ಕಸ! ಕಸವಾದ ಬೋರ್ಡಿಗೂ ತಾಮ್ರ, ಕರೆಂಟು, ಕೂಲಿ ಎಲ್ಲ ಖರ್ಚಾಗಿರುತ್ತದೆ. ಈಗ ಪ್ರತಿ ಹಂತವನ್ನು 99.9ಕ್ಕೆ ತನ್ನಿ. ಉಳಿಯುವುದು 96. ಅದೇ ಮಷೀನು, ಅದೇ ಕಚ್ಚಾ ಮಾಲು. ಆದರೆ ಒಬ್ಬನಿಗೆ ನಷ್ಟ, ಇನ್ನೊಬ್ಬನಿಗೆ ಲಾಭ. ನೂರರಲ್ಲಿ ಎಷ್ಟು ಒಳ್ಳೆಯ ಬೋರ್ಡು ಉಳಿಯುತ್ತದೆ ಅನ್ನೋದೇ ಯೀಲ್ಡ್, ಅದು ದುಡ್ಡು ಕೊಟ್ಟರೆ ಬರುವುದಿಲ್ಲ. ಯಾವ ದಿನ ತೇವ ಜಾಸ್ತಿ, ಯಾವ ತೊಟ್ಟಿಯ ಕೆಮಿಕಲ್ ಬೇಗ ಸೋಲುತ್ತದೆ ಅಂತ ವರ್ಷಗಟ್ಟಲೆ ನೋಡಿದವರ ಕೈಯಲ್ಲಿ ಅದು ಇರುತ್ತದೆ.

ಪಿಸಿಬಿ ವ್ಯಾಪಾರದಲ್ಲಿ ಎರಡು ದಾರಿ ಇವೆ. ಒಂದು, ಸಾದಾ ಬೋರ್ಡು, ರಾಶಿ ರಾಶಿ, ಕಮ್ಮಿ ರೇಟು. ಈ ದಾರಿಯಲ್ಲಿ ಚೀನಾದ ಮುಂದೆ ನಿಲ್ಲುವುದು ಕಷ್ಟ. ಜಗತ್ತಿನ ಬೋರ್ಡುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಆಗುತ್ತವೆ. ಶೆನ್‌ಜೆನ್‌ನ ಆನ್‌ಲೈನ್ ಕಂಪನಿಗಳು ಐದು ಚಿಕ್ಕ ಬೋರ್ಡುಗಳನ್ನು ಎರಡು ಡಾಲರಿಗೆ ಮಾಡಿಕೊಡುತ್ತವೆ, ನಮ್ಮ ಎಂಜಿನಿಯರಿಂಗ್ ಹುಡುಗರಿಗೆ ಇದು ಚೆನ್ನಾಗಿ ಗೊತ್ತು. ಇನ್ನೊಂದು ದಾರಿ, ಕಷ್ಟದ ಬೋರ್ಡು. ಮಾಡುವವರೇ ಕಮ್ಮಿ, ಹಾಗಾಗಿ ಗಿರಾಕಿ ಬಿಟ್ಟು ಹೋಗುವುದೂ ಕಷ್ಟ.

ಎಟಿ ಅಂಡ್ ಎಸ್ ಹಿಡಿದದ್ದು ಎರಡನೇ ದಾರಿ.

[ದೃಶ್ಯ: ನಕ್ಷೆ. ಆಸ್ಟ್ರಿಯಾದ ಲಿಯೋಬೆನ್, ನಂಜನಗೂಡು, ಶಾಂಘೈ, ಚಾಂಗ್‌ಚಿಂಗ್, ಮಲೇಷ್ಯಾದ ಕುಲಿಮ್.]

ಆಸ್ಟ್ರಿಯಾದ ಲಿಯೋಬೆನ್ ಎಂಬ ಊರಿನ ಕಂಪನಿ. 1987ರಲ್ಲಿ ಶುರುವಾಯಿತು. ಆಗ ಸರ್ಕಾರದ್ದು, 1994ರಲ್ಲಿ ಖಾಸಗಿಯವರ ಕೈಗೆ ಬಂತು. ಕೊಂಡವರಲ್ಲಿ ಒಬ್ಬರು ಆ ದೇಶದ ಮಾಜಿ ಹಣಕಾಸು ಮಂತ್ರಿ ಹಾನೆಸ್ ಆಂಡ್ರೋಶ್. 1999ರಲ್ಲಿ ನಂಜನಗೂಡಿನಲ್ಲಿದ್ದ ಇಂಡಾಲ್ ಕಂಪನಿಯ ಪಿಸಿಬಿ ಫ್ಯಾಕ್ಟರಿಯನ್ನು ಕೊಂಡುಕೊಂಡರು. ನಂಜುಂಡೇಶ್ವರ, ರಸಬಾಳೆ ಅಂದರೆ ನಮಗೆ ನಂಜನಗೂಡು. ಅಲ್ಲಿಂದ ಕಾರು ಮತ್ತು ಕಾರ್ಖಾನೆಯ ಯಂತ್ರಗಳಿಗೆ ಹೋಗುವ ಬೋರ್ಡುಗಳೂ ಬರುತ್ತವೆ ಅನ್ನೋದು ಎಷ್ಟು ಜನರಿಗೆ ಗೊತ್ತು?

ಕಾರಿನ ಬೋರ್ಡು ಅಂದರೆ ಗಿರಾಕಿ ಸುಮ್ನೆ ಆರ್ಡರ್ ಕೊಡುವುದಿಲ್ಲ. ಅವರ ಜನ ಬಂದು ಫ್ಯಾಕ್ಟರಿ ನೋಡುತ್ತಾರೆ, ಮಾದರಿ ಬೋರ್ಡನ್ನು ಬಿಸಿಗೂ ಚಳಿಗೂ ನೂರಾರು ಸಲ ಒಡ್ಡುತ್ತಾರೆ. ತಿಂಗಳುಗಟ್ಟಲೆ ಹಿಡಿಯುತ್ತದೆ. ಪಾಸಾದ ಮೇಲೆ ಕಚ್ಚಾ ಮಾಲು ಬದಲಿಸಬೇಕಾದರೂ ಅವರನ್ನು ಕೇಳಬೇಕು. ಕಿರಿಕಿರಿ ಅನಿಸಬಹುದು. ಆದರೆ ಇದೇ ಅವರ ಬೇಲಿ. ನಾಳೆ ಬೇರೊಬ್ಬ ಬಂದು ನೂರಕ್ಕೆ ಹತ್ತು ಕಮ್ಮಿ ಮಾಡ್ತೀನಿ ಅಂದರೆ, ಕಾರಿನವರು ಆ ಎಲ್ಲ ಪರೀಕ್ಷೆಯನ್ನೂ ಮೊದಲಿನಿಂದ ಮಾಡಬೇಕು. ಹತ್ತು ಪರ್ಸೆಂಟಿಗೆ ಅಷ್ಟು ತಲೆನೋವು ಯಾಕೆ ಅಂತ ಹಳಬರ ಹತ್ತಿರವೇ ಉಳಿಯುತ್ತಾರೆ. ಬಿಡಲ್ಲ ಅಂದಮಾತ್ರಕ್ಕೆ ಕೈ ಬಿಚ್ಚಿ ಕೊಡುತ್ತಾರೆ ಅಂತಲ್ಲ. ಈ ವರ್ಷ ರೇಟು ಸ್ವಲ್ಪ ಇಳಿಸಿ ಅನ್ನುವುದು ಕಾರಿನವರ ಹಳೇ ಚಾಳಿ.

ಕಂಪನಿ ಅಲ್ಲಿಗೇ ನಿಲ್ಲಲಿಲ್ಲ. ಶಾಂಘೈನಲ್ಲಿ ಮೊಬೈಲಿನ ದಟ್ಟ ಬೋರ್ಡುಗಳಿಗೆ ಇಳಿಯಿತು. ಆಮೇಲೆ ಚಾಂಗ್‌ಚಿಂಗ್‌ನಲ್ಲಿ ಇನ್ನೂ ಕಷ್ಟದ್ದಕ್ಕೆ ಕೈ ಹಾಕಿತು. ಅದರ ಹೆಸರು ಸಬ್‌ಸ್ಟ್ರೇಟ್.

[ದೃಶ್ಯ: ತುಂಗಭದ್ರಾ ಎಡದಂಡೆ ಕಾಲುವೆ. ಮುಖ್ಯ ಕಾಲುವೆಯಿಂದ ಉಪಕಾಲುವೆ, ಅಲ್ಲಿಂದ ತೂಬು, ಅಲ್ಲಿಂದ ಗದ್ದೆ.]

ಇದನ್ನು ಕಾಲುವೆಯ ಹತ್ತಿರ ನಿಂತೇ ಹೇಳಬೇಕು ಅನಿಸಿತು. ಎಡದಂಡೆಯ ನೀರು ನೇರವಾಗಿ ಗದ್ದೆಗೆ ನುಗ್ಗಿದರೆ ಏನಾಗುತ್ತದೆ? ಸಸಿ ಕೊಚ್ಚಿಹೋಗುತ್ತದೆ. ಅದಕ್ಕೇ ನಡುವೆ ಉಪಕಾಲುವೆ, ತೂಬು. ಕಂಪ್ಯೂಟರ್ ಚಿಪ್ಪಿನಲ್ಲೂ ಹಾಗೆ. ಚಿಪ್ಪಿನ ತಳದಲ್ಲಿ ಸಂಪರ್ಕದ ಸಾವಿರಾರು ಚುಕ್ಕೆಗಳು ಒತ್ತೊತ್ತಾಗಿ ಇರುತ್ತವೆ. ಸಾದಾ ಬೋರ್ಡಿನ ಗೆರೆ 100 ಮೈಕ್ರಾನ್ ಆಸುಪಾಸು, ಅಷ್ಟು ದಪ್ಪದ ಗೆರೆ ಆ ಚುಕ್ಕೆಗಳ ನಡುವೆ ತೂರುವುದಿಲ್ಲ. ನಡುವೆ ಒಂದು ಚಿಕ್ಕ ಹಲಗೆ ಬೇಕು. ಅದರ ಮೇಲೆ ಗೆರೆಗಳು ಹತ್ತು ಮೈಕ್ರಾನ್ ಆಸುಪಾಸಿನಲ್ಲಿ ಶುರುವಾಗಿ, ಹರಡುತ್ತಾ, ಕೆಳಗಿನ ಬೋರ್ಡಿಗೆ ಹೊಂದುವಷ್ಟು ಅಗಲವಾಗುತ್ತವೆ. ಅದೇ ಸಬ್‌ಸ್ಟ್ರೇಟ್.

ಒಂದು ತಮಾಷೆ ಕೇಳಿ. ಈ ಸಬ್‌ಸ್ಟ್ರೇಟಿನ ಪದರುಗಳ ನಡುವೆ ಹಾಕುವ ತೆಳು ಫಿಲ್ಮಿನ ಹೆಸರು ಎಬಿಎಫ್. ಎ ಅಂದರೆ ಅಜಿನೊಮೊಟೊ. ಹೌದು, ಗೋಬಿ ಮಂಚೂರಿ ಗಾಡಿಯ ಅದೇ ಅಜಿನೊಮೊಟೊ! ಟೇಸ್ಟಿಂಗ್ ಪೌಡರ್ ಮಾಡುವ ಜಪಾನಿನ ಕಂಪನಿ, ಆ ಕೆಲಸದಲ್ಲಿ ಕಲಿತ ಕೆಮಿಸ್ಟ್ರಿಯಿಂದ ಈ ಫಿಲ್ಮ್ ಕಂಡುಹಿಡಿಯಿತು. ದೊಡ್ಡ ಕಂಪ್ಯೂಟರ್ ಚಿಪ್ಪುಗಳೆಲ್ಲ ಇವತ್ತು ಹೆಚ್ಚುಕಮ್ಮಿ ಅದರ ಮೇಲೇ ಕೂತಿವೆ.

ಮಾರುಕಟ್ಟೆಯಲ್ಲಿ ಎಟಿ ಅಂಡ್ ಎಸ್ ಎಲ್ಲಿದೆ? ಗಾತ್ರದಲ್ಲಿ ಜಗತ್ತಿಗೆ ಮೊದಲನೆಯದಲ್ಲ, ತೈವಾನಿನ ಝೆನ್ ಡಿಂಗ್ ಅದಕ್ಕಿಂತ ಬಹಳ ದೊಡ್ಡದು. ಸಬ್‌ಸ್ಟ್ರೇಟಿನಲ್ಲಿ ಜಪಾನಿನ ಇಬಿಡೆನ್, ತೈವಾನಿನ ಯುನಿಮೈಕ್ರಾನ್ ಮುಂದಿವೆ. ಆದರೆ ಯೂರೋಪಿನ ಪಿಸಿಬಿ ಕಂಪನಿಗಳಲ್ಲಿ ಇದೇ ದೊಡ್ಡದು. 2024-25ರ ವ್ಯಾಪಾರ ಸುಮಾರು 159 ಕೋಟಿ ಯೂರೊ. ಕಂಪ್ಯೂಟರ್ ಚಿಪ್ಪಿನ ಅಮೆರಿಕದ ಕಂಪನಿ ಎಎಮ್‌ಡಿ ತನ್ನ ಗಿರಾಕಿ ಅಂತ ಎಟಿ ಅಂಡ್ ಎಸ್ ಕಂಪನಿಯೇ ಹೇಳಿದೆ. ಚಿಕ್ಕ ಗುಂಪು, ಅದರಲ್ಲಿ ಒಂದು ಕುರ್ಚಿ. ಕುರ್ಚಿಯ ಬಾಡಿಗೆ ಮಾತ್ರ ವಿಪರೀತ.

2021ರಲ್ಲಿ ಮಲೇಷ್ಯಾದ ಕುಲಿಮ್‌ನಲ್ಲಿ ಹೊಸ ಫ್ಯಾಕ್ಟರಿ ಕಟ್ಟುತ್ತೇವೆ ಅಂತ ಘೋಷಿಸಿದರು. 170 ಕೋಟಿ ಯೂರೊ ಹೂಡಿಕೆ. ಆಗ ಕೊರೊನಾ ಕಾಲ. ಮನೆಮನೆಗೂ ಲ್ಯಾಪ್‌ಟಾಪ್ ಬೇಕಿತ್ತು, ಸಬ್‌ಸ್ಟ್ರೇಟಿಗೆ ಪರದಾಟ ಇತ್ತು. ಕಟ್ಟಡ ಏಳುವಷ್ಟರಲ್ಲಿ ಎಲ್ಲರ ಮನೆಯಲ್ಲೂ ಲ್ಯಾಪ್‌ಟಾಪ್ ಬಂದಾಗಿತ್ತು! ಬೇಡಿಕೆ ಬಿತ್ತು, ರೇಟು ಬಿತ್ತು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಲ ಮಾಡಿ ನಾಟಿ ಮಾಡಿ ಆಗಿದೆ, ಕಾಲುವೆ ನೀರು ನಿಂತಿದೆ. 2024ರ ಆಗಸ್ಟಿನಲ್ಲಿ ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋದಾಗ ಇಲ್ಲಿ ರಾತ್ರಿಯಿಡೀ ಯಾರೂ ಮಲಗಲಿಲ್ಲ. ಲಿಯೋಬೆನ್‌ನಲ್ಲೂ ಅಂಥದೇ ರಾತ್ರಿಗಳು ಕಳೆದಿರಬೇಕು.

2023-24ರಲ್ಲಿ ಕಂಪನಿ ನಷ್ಟ ತೋರಿಸಿತು. ಆಮೇಲೆ ಕೊರಿಯಾದ ಅನ್ಸಾನ್‌ನಲ್ಲಿದ್ದ ಘಟಕವನ್ನು ಇಟಲಿಯ ಸೊಮಾಚಿಸ್ ಕಂಪನಿಗೆ 40 ಕೋಟಿ ಯೂರೊ ಚಿಲ್ಲರೆಗೆ ಮಾರಿದರು. ಅದು ಆಸ್ಪತ್ರೆ ಯಂತ್ರಗಳಿಗೆ ಬೋರ್ಡ್ ಮಾಡುವ ಘಟಕ. ಸಬ್‌ಸ್ಟ್ರೇಟಿನ ಖರ್ಚು ತಡೆದುಕೊಳ್ಳಲು ಸದ್ದಿಲ್ಲದೆ ನಡೆಯುತ್ತಿದ್ದ ಅಂಗಡಿ ಮಾರಿದ ಹಾಗೆ. ನನಗೆ ಅದು ಅಷ್ಟು ಸರಿ ಅನಿಸಲಿಲ್ಲ. ಆದರೆ ನೀರು ನಿಂತಾಗ ಕೊಟ್ಟಿಗೆಯಲ್ಲಿ ಮೊದಲು ಯಾವ ಎಮ್ಮೆ ಮಾರಬೇಕು ಅಂತ ಹೊರಗೆ ನಿಂತವನು ಹೇಳುವುದು ಸುಲಭ. ಅಂದಹಾಗೆ ಇದರ ಶೇರು ವಿಯೆನ್ನಾ ಪೇಟೆಯಲ್ಲಿದೆ. ತಗೊಳ್ಳಿ ಅಂತಲೂ ಬೇಡ ಅಂತಲೂ ನಾನು ಹೇಳುತ್ತಿಲ್ಲ, ಕಾಮೆಂಟಿನಲ್ಲಿ ಕೇಳಬೇಡಿ.

[ದೃಶ್ಯ: ರಾಯಚೂರು. ಕಾಲೇಜಿನ ಗೇಟು, ದೂರದಲ್ಲಿ ಶಕ್ತಿನಗರದ ಚಿಮಣಿಗಳು.]

ಹಿಂದಿನ ವಿಡಿಯೋದ ಕೆಳಗೆ ಒಬ್ಬ ತಮ್ಮ ಕೇಳಿದ್ದ: "ಅಣ್ಣಾ, ಇಂಥ ಫ್ಯಾಕ್ಟರಿ ರಾಯಚೂರಿಗೆ ಯಾಕೆ ಬರಬಾರದು?" ಸರ್ಕಾರದ ಕಡೆಯಿಂದ ಗಾಳಿ ಬೀಸುತ್ತಿದೆ, ನಿಜ. 2024ರಲ್ಲಿ ಚೀನಾ ಮತ್ತು ಹಾಂಗ್‌ಕಾಂಗ್‌ನಿಂದ ಬರುವ ಕೆಲವು ಬಗೆಯ ಖಾಲಿ ಬೋರ್ಡುಗಳ ಮೇಲೆ ಆ್ಯಂಟಿ ಡಂಪಿಂಗ್ ಸುಂಕ, ಅಂದರೆ ತೀರಾ ಕಮ್ಮಿ ರೇಟಿಗೆ ತಂದು ಸುರಿಯುವುದನ್ನು ತಡೆಯುವ ಸುಂಕ ಹಾಕಿದರು. 2025ರ ಮಾರ್ಚ್‌ನಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗ ತಯಾರಿಕೆಗೆ ಅಂತ ಕೇಂದ್ರ ಸರ್ಕಾರ 22,919 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಪಿಸಿಬಿಯೂ ಅದರಲ್ಲಿದೆ. ನಮಗೆ ಎರಡು ನದಿ ಇವೆ, ಕರೆಂಟು ನಮ್ಮಲ್ಲೇ ಹುಟ್ಟುತ್ತದೆ. ಆದರೆ ತಾಮ್ರ ಬೆರೆತ ಆಮ್ಲದ ನೀರನ್ನು ಶುದ್ಧ ಮಾಡದೆ ಹಳ್ಳಕ್ಕೆ ಬಿಟ್ಟರೆ ಕೆಳಗಿನ ಭತ್ತ ಏನಾಗಬೇಕು? ಒಂದು ಕ್ಷಣ ಕರೆಂಟು ಕಣ್ಣು ಮಿಟುಕಿಸಿದರೆ ತೊಟ್ಟಿಯಲ್ಲಿರುವ ಬೋರ್ಡುಗಳು ಕಸ. ತಾಮ್ರ ಹಚ್ಚಿದ ಹಾಳೆಯೂ ಬಹುಪಾಲು ಹೊರದೇಶದಿಂದಲೇ ಬರಬೇಕು. ಇದೆಲ್ಲಕ್ಕಿಂತ ದೊಡ್ಡದು ಆ 99 ಮತ್ತು 99.9ರ ನಡುವಿನ ಜನ. ನಂಜನಗೂಡಿನಲ್ಲಿ ಅವರು ತಯಾರಾಗಲು 25 ವರ್ಷಕ್ಕಿಂತ ಜಾಸ್ತಿ ಹಿಡಿದಿದೆ. ತಮ್ಮಾ, ಸದ್ಯಕ್ಕೆ ನೀನೇ ಅಲ್ಲಿಗೆ ಹೋಗಿ ಕಲಿತು ಬಂದರೆ ಬೇಗ ಆಗುತ್ತದೆ.

[ದೃಶ್ಯ: ಮತ್ತೆ ಗಿರಣಿ. ಸಾರ್ಟೆಕ್ಸ್ ಓಡುತ್ತಿದೆ. ಬಿಳಿ ಅಕ್ಕಿ ಚೀಲಕ್ಕೆ ಬೀಳುತ್ತಿದೆ.]

ಹೊಸ ಬೋರ್ಡ್ ಬಂತು, ಮಷೀನು ಓಡಿತು. ಸುಟ್ಟ ಬೋರ್ಡನ್ನು ವಿಡಿಯೋಗೆ ಅಂತ ಕೇಳಿದರೆ ಗಿರಣಿ ಮಾಲೀಕರು ಕೊಡಲಿಲ್ಲ. "ಅದರಾಗ ಬಂಗಾರ ಇರತೈತಂತಲ್ರಿ?" ಅಂದರು. ಯಾರೋ ಅವರ ಕಿವಿ ಊದಿದ್ದಾರೆ.

ಸುಳ್ಳಲ್ಲ. ಇಂಥ ಬೋರ್ಡಿನಲ್ಲಿ ಬೆಸುಗೆ ಕೂರುವ ಜಾಗಕ್ಕೆ ತುಕ್ಕು ಹಿಡಿಯದಿರಲಿ ಅಂತ ಬಂಗಾರ ಸವರುತ್ತಾರೆ. ದಪ್ಪ ಒಂದು ಮೈಕ್ರಾನಿನ ಇಪ್ಪತ್ತನೇ ಒಂದು ಭಾಗ. ಸವರಿದ ಜಾಗ 20 ಚದರ ಸೆಂಟಿಮೀಟರ್ ಅಂತ ಹಿಡಿದರೆ ಬಂಗಾರ ಸುಮಾರು ಎರಡು ಮಿಲಿಗ್ರಾಂ. ಒಂದು ಗ್ರಾಂ ಆಗಬೇಕಾದರೆ ಇಂಥ ಐನೂರು ಸಾರ್ಟೆಕ್ಸ್ ಬೋರ್ಡು ಸುಡಬೇಕು. ಪಕ್ಕದ ಲಿಂಗಸುಗೂರು ತಾಲೂಕಿನಲ್ಲೇ ಹಟ್ಟಿ ಗಣಿ ಇದೆ, ಅಲ್ಲಿಗೆ ಹೋಗುವುದು ಸುಲಭ ಅಂದೆ.

ಮಾಲೀಕರು ನನ್ನನ್ನೇ ಒಂದು ಸಲ ಅನುಮಾನದಿಂದ ನೋಡಿದರು. ಬೋರ್ಡನ್ನು ಪೇಪರಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅದಕ್ಕೇ ಈ ವಿಡಿಯೋದಲ್ಲಿ ನೀವು ಹತ್ತಿರದಿಂದ ನೋಡಿದ ಖಾಲಿ ಬೋರ್ಡು ನನ್ನದೇ, ಎಸ್‌ಪಿ ರೋಡಿನ ಆ ಮೂರನೇ ಅಂಗಡಿಯಿಂದ ತಂದದ್ದು. ಅದರ ಮೇಲೂ 94ವಿ-0 ಇದೆ.