ಕೆಂಡದ ಪಕ್ಕದ ಮಾತು

ಕರ್ತನಾದ ಯೇಸುವಿನ ನಾಮದಲ್ಲಿ ಎಲ್ಲರಿಗೂ ವಂದನೆ. ನಮ್ಮ ಪಾಸ್ಟರ್ ಅಯ್ಯನವರು 20 ನಿಮಿಷ ಕೊಟ್ಟಿದ್ದಾರೆ, ನೇರವಾಗಿ ವಿಷಯಕ್ಕೇ ಬರುತ್ತೇನೆ: ಯೇಸುವಿಗೆ ಹತ್ತಿರವಾಗಿ ಪ್ರಾರ್ಥಿಸುವುದು ಹೇಗೆ.

ಬೈಬಲಿನ ಯೋಹಾನನ ಸುವಾರ್ತೆಯ 21ನೇ ಅಧ್ಯಾಯ, ಯೇಸು ಸತ್ತು ಮತ್ತೆ ಎದ್ದ ಮೇಲಿನ ಕಥೆ, ನಿಮಗೆಲ್ಲ ಗೊತ್ತು. ಮೀನು ಹಿಡಿಯಲು ಹೋದ ಶಿಷ್ಯರಿಗೆ ರಾತ್ರಿಯೆಲ್ಲ ಖಾಲಿ ಬಲೆ, ಬೆಳಗ್ಗೆ ಯೇಸುವಿನ ಮಾತಿನಂತೆ ಬಲೆ ಬೀಸಿದಾಗ 153 ಮೀನು. ಸಂಡೇ ಸ್ಕೂಲ್ ಮಕ್ಕಳೂ ಆ ಲೆಕ್ಕ ಹೇಳುತ್ತಾರೆ. ಇವತ್ತು ಸ್ವಲ್ಪ ಆ ದಡದ ಕಡೆ ನೋಡಿ. ಶಿಷ್ಯರು ದೋಣಿಯಿಂದ ಇಳಿಯುವ ಮೊದಲೇ ಯೇಸು ಕೆಂಡ ಮಾಡಿ, ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು ಕಾಯುತ್ತಿದ್ದ.

ಈ ಸುವಾರ್ತೆಯಲ್ಲಿ ಕೆಂಡ ಬರುವುದು ಎರಡೇ ಸಲ. ಮೊದಲ ಸಲ 18ನೇ ಅಧ್ಯಾಯದಲ್ಲಿ, ಮಹಾಯಾಜಕನ ಅಂಗಳದಲ್ಲಿ. ಅಲ್ಲಿ ಚಳಿ ಕಾಯಿಸಿಕೊಳ್ಳುತ್ತಾ ನಿಂತವನು ಶಿಷ್ಯ ಪೇತ್ರ. ಯೇಸುವನ್ನು ಹಿಡಿದುಕೊಂಡು ಹೋದ ಆ ರಾತ್ರಿ, ಯೇಸುವಿಗೂ ತನಗೂ ಸಂಬಂಧವೇ ಇಲ್ಲ ಅಂತ ಮೂರು ಸಲ ಅಂದ. ಈಗ ಮತ್ತೆ ಅದೇ ಕೆಂಡ, ಅದೇ ಹೊಗೆ. ಪೇತ್ರನಿಗೆ ಹೇಗಾಗಿರಬೇಡ! ಯೇಸು ಮೊದಲು ಊಟ ಕೊಟ್ಟ. ಊಟ ಮುಗಿದ ಮೇಲೆ ಕೇಳಿದ, ನನ್ನನ್ನು ಪ್ರೀತಿಸುತ್ತೀಯಾ ಅಂತ. ಮೂರು ಸಲ ಕೇಳಿದ. ಮೂರನೇ ಸಲ ಪೇತ್ರನಿಗೆ ದುಃಖವಾಯಿತು. ಯೇಸು ನೋವಿದ್ದ ಜಾಗಕ್ಕೇ ಕೈ ಇಟ್ಟ. ತೀರಾ ಹತ್ತಿರದವರು ಮಾತ್ರ ಹಾಗೆ ಮಾಡುತ್ತಾರೆ, ಅಲ್ವಾ?

ನನ್ನ ವಿಷಯ ಹೇಳುತ್ತೇನೆ. ಅಪ್ಪನ ಜಮೀನಿನ ಪಾಲಿನಲ್ಲಿ ನನಗೂ ಅಣ್ಣನಿಗೂ ಮಾತು ಬಿಟ್ಟು 11 ವರ್ಷ ಆಗಿತ್ತು. ಅಷ್ಟು ವರ್ಷವೂ ನಾನು ಬೆಳಗಿನ ಪ್ರಾರ್ಥನೆ ತಪ್ಪಿಸಿದವನಲ್ಲ. ದೇಶಕ್ಕಾಗಿ, ಸಭೆಗಾಗಿ, ರೋಗಿಗಳಿಗಾಗಿ ಬೇಡುತ್ತಿದ್ದೆ. ಅಣ್ಣನ ಹೆಸರು ಮಾತ್ರ ನಾಲಿಗೆಗೆ ಬರುತ್ತಿರಲಿಲ್ಲ. ಒಂದು ದಿನ ಬೆಳಗ್ಗೆ ಜೋರು ಮಳೆ. ಹೆಂಡತಿ ಬಚ್ಚಲೊಲೆಯ ಕೆಂಡದಲ್ಲಿ ಒಣ ಬಂಗುಡೆ ಸುಡುತ್ತಿದ್ದಳು. ಆ ವಾಸನೆಗೆ ಅಣ್ಣ ನೆನಪಾದ. ಚಿಕ್ಕವರಿದ್ದಾಗ ಹೀಗೇ ಸುಟ್ಟ ಮೀನಿನ ಮುಳ್ಳು ಬಿಡಿಸಿ, ಬೆರಳು ಸುಟ್ಟುಕೊಂಡು, ನನ್ನ ತಟ್ಟೆಗೆ ಹಾಕುತ್ತಿದ್ದವನು ಅವನು. ಕೂತಲ್ಲೇ ಬಾಯಿಂದ ಬಂತು: "ಸ್ವಾಮಿ, ನನಗೆ ಅಣ್ಣನ ಮೇಲೆ ಸಿಟ್ಟಿದೆ. ಬಿಡೋಕೆ ಆಗ್ತಾ ಇಲ್ಲ."

ಆಮೆನ್ ಕೂಡ ಹೇಳಲಿಲ್ಲ. ಆದರೆ 11 ವರ್ಷದಲ್ಲಿ ನಾನು ಯೇಸುವಿನ ಜೊತೆ ಆಡಿದ ಮೊದಲ ನಿಜವಾದ ಮಾತು ಅದು. ಮರುದಿನವೂ ಅದನ್ನೇ ಹೇಳಿದೆ. ಅದರ ಮರುದಿನವೂ. ಅಣ್ಣನಿಗೆ ಫೋನ್ ಮಾಡಲು ಮತ್ತೆ ಐದು ತಿಂಗಳು ಹಿಡಿಯಿತು.

ಯೌವನಸ್ಥರು ಬಂದು ಕೇಳುತ್ತಾರೆ, "ಅಂಕಲ್, ಎಷ್ಟು ಪ್ರಾರ್ಥಿಸಿದರೂ ಯೇಸು ದೂರ ಇದ್ದ ಹಾಗೇ ಅನಿಸುತ್ತೆ." ಮಕ್ಕಳೇ, ಅದನ್ನೇ ಆತನಿಗೆ ಹೇಳಿ. 13ನೇ ಕೀರ್ತನೆ ಶುರುವಾಗುವುದೇ ಹಾಗೆ, ಇನ್ನೂ ಎಷ್ಟು ದಿನ ನನ್ನನ್ನು ಮರೆತಿರುತ್ತೀ ಅಂತ. ಚೆಂದದ ಮಾತು ಜೋಡಿಸುವ ಕಷ್ಟ ಬೇಡ. ಇದ್ದದ್ದು ಹೇಳಿ. ಇದು ಮೊದಲನೆಯದು.

ಎರಡನೆಯದು, ಕೆಲಸದ ನಡುವಿನ ಪ್ರಾರ್ಥನೆ. 17ನೇ ಶತಮಾನದಲ್ಲಿ ಪ್ಯಾರಿಸ್‌ನ ಒಂದು ಮಠದ ಅಡುಗೆಮನೆಯಲ್ಲಿ ಬ್ರದರ್ ಲಾರೆನ್ಸ್ ದುಡಿಯುತ್ತಿದ್ದರು. ಪಾತ್ರೆಗಳ ಗಲಾಟೆಯಲ್ಲೂ, ಮೊಣಕಾಲೂರಿ ಕೂತಾಗ ಇದ್ದಷ್ಟೇ ದೇವರು ಹತ್ತಿರ ಅನ್ನುತ್ತಿದ್ದರು. ನಮ್ಮ ತಾಯಂದಿರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ.

ಅಯ್ಯನವರು ಗಡಿಯಾರ ನೋಡಿದರು. ಸತ್ಯವೇದ ಓದುವುದರ ಬಗ್ಗೆ ಬರೆದುಕೊಂಡು ಬಂದದ್ದು ಇನ್ನೊಂದು ಸಲ ಹೇಳುತ್ತೇನೆ. ಈಗ ಎರಡು ನಿಮಿಷ ಸುಮ್ನೆ ಕೂರೋಣ. ಯಾರೂ ಗಟ್ಟಿಯಾಗಿ ಪ್ರಾರ್ಥಿಸಬೇಡಿ. ಇಷ್ಟು ದಿನ ಹೇಳದೆ ಬಿಟ್ಟ ಒಂದು ಹೆಸರಿದ್ದರೆ, ಅದನ್ನು ಯೇಸುವಿಗೆ ಹೇಳಿ.