ಬಾಣಂತನಕ್ಕೆಂದು ಕಂಪಾಲಕ್ಕೆ ಹೊರಟಾಗ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಕಾಸರಗೋಡಿನ ಕಡೆಯಿಂದ ಹೊರದೇಶಕ್ಕೆ ಹೋಗುವುದು ಹೊಸತೇನಲ್ಲ. ಹೆಚ್ಚಿನವರು ಹೋಗುವುದು ಗಲ್ಫಿಗೆ. ನನ್ನ ಮಗಳು, ಅಳಿಯ ಮಾತ್ರ ಉಗಾಂಡದ ಕಂಪಾಲದಲ್ಲಿದ್ದಾರೆ. ಮಗಳ ಬಾಣಂತನಕ್ಕೆ ನಾನು ಬದಿಯಡ್ಕದಿಂದ ಅಲ್ಲಿಗೆ ಹೋಗಿ ಬಂದೆ. ಆ ತಯಾರಿಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಸೆಕೆಯ ದೇಶ ತಾನೇ, ನಮ್ಮೂರಿನ ಹಾಗೇ ಇರುತ್ತದೆ ಅಂದುಕೊಂಡು ಸೀರೆ ಮಡಚಲು ಕೂತಿದ್ದೆ. ಮಗಳು ಫೋನ್ ಮಾಡಿ, "ಅಮ್ಮಾ, ಚೀಲ ಆಮೇಲೆ ಕಟ್ಟು. ಮೊದಲು ಇಂಜೆಕ್ಷನ್ ತೆಗೆದುಕೋ" ಅಂದಳು.

ಅದು ಹಳದಿ ಜ್ವರದ ಲಸಿಕೆ. ಹಳದಿ ಅಂದ ಕೂಡಲೇ ನಮ್ಮವರು ಕಾಮಾಲೆ ಅಂದುಕೊಳ್ಳುತ್ತಾರೆ. ಅದಲ್ಲ, ಇದು ಸೊಳ್ಳೆಯಿಂದ ಹರಡುವ ಬೇರೆಯೇ ಕಾಯಿಲೆ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಲ್ಲಿದೆ. ನಮ್ಮ ದೇಶದಲ್ಲಿ ಈ ಕಾಯಿಲೆ ಇಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆ ಇದೆ, ಡೆಂಗಿ ತರುವ ಅದೇ ಸೊಳ್ಳೆ. ಹಾಗಾಗಿಯೇ ಇಷ್ಟು ಕಟ್ಟುನಿಟ್ಟು. ಲಸಿಕೆಯ ಕಾರ್ಡ್ ಇಲ್ಲದೆ ಅಂಥ ದೇಶದಿಂದ ಬಂದರೆ ಇಲ್ಲಿ ವಿಮಾನ ಇಳಿದ ಮೇಲೆ 6 ದಿನದವರೆಗೆ ಬೇರೆಯಾಗಿ ಇಡಬಹುದು.

ಈ ಲಸಿಕೆ ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಸರ್ಕಾರ ಗುರುತಿಸಿದ ಕೇಂದ್ರಕ್ಕೇ ಹೋಗಬೇಕು. ತೆಗೆದುಕೊಂಡ 10 ದಿನದ ನಂತರವಷ್ಟೇ ಕಾರ್ಡ್ ಲೆಕ್ಕಕ್ಕೆ ಬರುತ್ತದೆ. ಒಮ್ಮೆ ತೆಗೆದುಕೊಂಡರೆ ಸಾಕು, 2016ರಿಂದ ಅದು ಜೀವನಪೂರ್ತಿ ನಡೆಯುತ್ತದೆ. 60 ದಾಟಿದವರು, ಮೊಟ್ಟೆಯ ಅಲರ್ಜಿ ಇರುವವರು ಮೊದಲೇ ಡಾಕ್ಟರರ ಹತ್ತಿರ ಮಾತಾಡಿ. ನನ್ನ ಕಾರ್ಡಿನಲ್ಲಿ ಬರೀ ಇನಿಷಿಯಲ್ ಹಾಕಿ ಹೆಸರು ಬರೆದಿದ್ದರು. ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರಿತ್ತು. ಅಲ್ಲೇ ನಿಂತು ಸರಿಮಾಡಿಸಿಕೊಂಡೆ. ನೀವೂ ಕೌಂಟರ್ ಬಿಡುವ ಮೊದಲು ಒಂದೊಂದು ಅಕ್ಷರ ನೋಡಿ.

ಇನ್ನು ಮಲೇರಿಯಾ. ಅದು ಬಾರದ ಹಾಗೆ ತಡೆಯುವ ಮಾತ್ರೆ ಇದೆ, ಯಾವುದು ಅಂತ ಡಾಕ್ಟರೇ ಹೇಳಬೇಕು. ನನಗೆ ಕೊಟ್ಟ ಡಾಕ್ಸಿಸೈಕ್ಲಿನ್ ಅನ್ನು ಊರಿಗೆ ಬಂದ ಮೇಲೂ 4 ವಾರ ತಿನ್ನಬೇಕಿತ್ತು. ಮಲೇರಿಯಾದ ಸೊಳ್ಳೆ ಮುಸ್ಸಂಜೆಯಿಂದ ಬೆಳಗಿನ ತನಕ ಕಚ್ಚುತ್ತದೆ. ಸೊಳ್ಳೆಪರದೆ, ಉದ್ದ ತೋಳಿನ ತೆಳು ಬಣ್ಣದ ಹತ್ತಿ ಬಟ್ಟೆ ಬೇಕೇ ಬೇಕು.

ಚೀಲ ಕಟ್ಟಿದ್ದು ಜಗಲಿಯಲ್ಲಿ. ಅಡಿಕೆ ತೂಗುವ ತಕ್ಕಡಿಯಲ್ಲೇ ತೂಗಿದೆವು. ಟಿಕೆಟಿನಲ್ಲಿ 23 ಕಿಲೋ ಅಂತ ಇತ್ತು, ಮುಳ್ಳು 31ಕ್ಕೆ ಹೋಗಿ ನಿಂತಿತು! ಹಲಸಿನ ಹಪ್ಪಳ, ಮಾಂಬಳ, ಬಾಣಂತಿ ಲೇಹ, ಮಗುವಿಗೆ ಹಳೆಯ ಹತ್ತಿ ಸೀರೆಯ ತುಂಡುಗಳು. ಅಕ್ಕಿ, ಬೇಳೆ ತೆಗೆದಿಟ್ಟೆ. ಕಂಪಾಲದಲ್ಲಿ ಭಾರತದವರ ಅಂಗಡಿಗಳಿವೆ, ಸುಮ್ನೆ ಯಾಕೆ ಹೊರಬೇಕು? ಸೀರೆಯ ತುಂಡು ಮಾತ್ರ ಒಂದನ್ನೂ ಬಿಡಲಿಲ್ಲ.

ಒಣಕೊಬ್ಬರಿ ಬೇಡ ಅಂದಾಗ ಮನೆಯವರಿಗೆ ಬೇಜಾರಾಯಿತು. ತೆಂಗಿನ ಊರಿನವರು ನಾವು, ಅಲ್ವಾ? ಆದರೆ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗಿಯೇ ಬಿಸಿಯೇರಿ ಬೆಂಕಿ ಹಿಡಿಯಬಹುದು. ಅದಕ್ಕೇ ವಿಮಾನದವರು ಅದನ್ನು ಅಪಾಯದ ಸರಕು ಎಂದು ಲೆಕ್ಕ ಹಾಕುತ್ತಾರೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಬಿಪಿ ಮಾತ್ರೆಯೂ ಕೈಚೀಲದಲ್ಲೇ, ಸ್ಟ್ರಿಪ್ ಸಮೇತ, ಡಾಕ್ಟರರ ಚೀಟಿ ಜೊತೆಗೆ. ಅಲ್ಲಿನ ಪ್ಲಗ್ಗಿಗೆ ಚಪ್ಪಟೆಯ ಮೂರು ಪಿನ್ನು, ಒಂದು ಅಡಾಪ್ಟರ್ ಇಟ್ಟುಕೊಳ್ಳಿ.

ಮತ್ತೆ, ಒಂದು ಶಾಲು! ಕಂಪಾಲ ಇರುವುದು ಭೂಮಧ್ಯ ರೇಖೆಯ ಪಕ್ಕದಲ್ಲೇ. ಆದರೆ ಊರು ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ರಾತ್ರಿ ಮೊಮ್ಮಗಳನ್ನು ಎತ್ತಿಕೊಂಡು ಓಡಾಡುವಾಗ ನನಗೆ ನಮ್ಮ ಧನುರ್ಮಾಸದ ಬೆಳಗಿನ ಚಳಿ ನೆನಪಾಗುತ್ತಿತ್ತು.

ನಾನು ಮರಳಿದ್ದು ಜೂನ್ ಮಳೆಯಲ್ಲಿ. ಮೂರನೇ ವಾರ ಜ್ವರ ಬಂತು. ಮಳೆಗಾಲದ ಜ್ವರ, ಕಷಾಯ ಕುಡಿ ಅಂದರು ಅತ್ತಿಗೆ. ನಾನು ಆಸ್ಪತ್ರೆಗೆ ಹೋಗಿ ಡಾಕ್ಟರ್ ಎದುರು ಕೂತು ಮೊದಲು ಹೇಳಿದ್ದೇ, "ಉಗಾಂಡದಿಂದ ಬಂದಿದ್ದೇನೆ" ಅಂತ. ಅವರು ಕೂಡಲೇ ರಕ್ತ ಪರೀಕ್ಷೆ ಮಾಡಿಸಿದರು. ಮಲೇರಿಯಾ ಇರಲಿಲ್ಲ. ಆದರೂ ಎರಡು ದಿನ ಬಿಟ್ಟು ಇನ್ನೊಮ್ಮೆ ರಕ್ತ ತೆಗೆಸಿಯೇ ನನ್ನನ್ನು ಬಿಟ್ಟರು. ನೀವು ಹೋಗಿ ಬಂದ ಮೇಲೆ ಜ್ವರ ಬಂದರೆ, ತಿಂಗಳುಗಳೇ ಕಳೆದಿದ್ದರೂ ಸರಿ, ಆ ಒಂದು ಮಾತನ್ನು ಮೊದಲು ಹೇಳಿ.

ನಮಸ್ಕಾರ.