ಹೆಪ್ಪಿನ ಲೆಕ್ಕ

ಕೇಳುಗರಿಗೆ ನಮಸ್ಕಾರ. ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಅಡುಗೆಮನೆಗಳಲ್ಲಿ ಮೊಸರಾಗುವುದು ತಡ. ಹಾಲು ಅದೇ, ಹೆಪ್ಪೂ ಅದೇ. ಚಳಿ ಮಾತ್ರ ಹೊಸದು. ಹೊಸೂರು ರಸ್ತೆಯಲ್ಲಿ ಅಪಘಾತವಾಗಿ ರಕ್ತ ಸುರಿಯುತ್ತಿರುವವರ ಮೈಯೊಳಗೂ ಇಂಥದ್ದೇ ತೊಡಕು: ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದೂ ತಡ. ಅದನ್ನು ಲೆಕ್ಕಕ್ಕೆ ಇಳಿಸುವುದು ಹೇಗೆ, ನೋಡೋಣ.

ಗಾಯವಾದಾಗ ರಕ್ತನಾಳದ ಹೊರಗಿರುವ ಟಿಷ್ಯೂ ಫ್ಯಾಕ್ಟರ್ ಎಂಬ ಪ್ರೋಟೀನು ರಕ್ತಕ್ಕೆ ತಾಗುತ್ತದೆ. ಹೆಪ್ಪಿನ ಹನಿ ಅದೇ. ಮೊದಲು ಚೂರೇ ಚೂರು ಥ್ರಾಂಬಿನ್, ಅಂದರೆ ರಕ್ತವನ್ನು ಹೆಪ್ಪುಗಟ್ಟಿಸುವ ಕಿಣ್ವ, ಹುಟ್ಟುತ್ತದೆ. ಅದು ಹೆಪ್ಪುಗಟ್ಟಲು ನೆರವಾಗುವ ಐದನೆಯ, ಎಂಟನೆಯ ಅಂಶಗಳೆಂಬ ಪ್ರೋಟೀನುಗಳನ್ನು ಎಬ್ಬಿಸಿ ತನ್ನ ಹುಟ್ಟನ್ನು ತಾನೇ ಚುರುಕುಗೊಳಿಸುತ್ತದೆ. ಆ್ಯಂಟಿಥ್ರಾಂಬಿನ್ ಇದಕ್ಕೆ ಬ್ರೇಕು. ಪ್ರತಿ ಪದಾರ್ಥಕ್ಕೂ ಒಂದು ಅವಕಲ ಸಮೀಕರಣ: ಹುಟ್ಟುವ ವೇಗದಲ್ಲಿ ಖರ್ಚಾಗುವ ವೇಗ ಕಳೆಯಿರಿ, ಅಷ್ಟೇ. 2002ರಲ್ಲಿ ಹಾಕಿನ್, ಮ್ಯಾನ್ ಮತ್ತು ಸಂಗಡಿಗರು ಪ್ರಕಟಿಸಿದ ಮಾದರಿಯಲ್ಲಿ ಇಂಥ 34 ಸಮೀಕರಣಗಳು, 42 ವೇಗ ಸ್ಥಿರಾಂಕಗಳು, ಅಂದರೆ ಯಾವ ಕ್ರಿಯೆ ಎಷ್ಟು ಚುರುಕೆಂದು ಹೇಳುವ ಸಂಖ್ಯೆಗಳು. ಆರಂಭದಲ್ಲಿ ಲೀಟರಿಗೆ ಪ್ರೊಥ್ರಾಂಬಿನ್ (ಥ್ರಾಂಬಿನ್ ಆಗುವ ಕಚ್ಚಾ ಸಾಮಗ್ರಿ) 1.4 ಮೈಕ್ರೊಮೋಲ್, ಆ್ಯಂಟಿಥ್ರಾಂಬಿನ್ 3.4, ಟಿಷ್ಯೂ ಫ್ಯಾಕ್ಟರ್ ಮಾತ್ರ ಬರೀ 5 ಪಿಕೊಮೋಲ್; ಮೈಕ್ರೊಮೋಲಿನ ಹತ್ತು ಲಕ್ಷದಲ್ಲಿ ಒಂದು ಪಾಲು ಪಿಕೊಮೋಲ್.

ರಕ್ತ ಹೋಯಿತೆಂದು ಸಲೈನ್ ಮೇಲೆ ಸಲೈನ್ ಏರಿಸಿದರೆ ಏನಾಗುತ್ತದೆ? ಎಲ್ಲವನ್ನೂ ಅರ್ಧಕ್ಕಿಳಿಸಿ ಲೆಕ್ಕ ಓಡಿಸಿದರೆ ಅಚ್ಚರಿ ಕಾದಿರುತ್ತದೆ: ಥ್ರಾಂಬಿನ್ ನಾವೆಣಿಸಿದಷ್ಟು ಕುಸಿಯುವುದಿಲ್ಲ. ಬ್ರೇಕೂ ತೆಳುವಾಗಿರುತ್ತದಲ್ಲ! ಪೆಟ್ಟು ಬೀಳುವುದು ಫೈಬ್ರಿನೋಜನ್‌ಗೆ, ಅಂದರೆ ಥ್ರಾಂಬಿನ್ ಕೈಯಲ್ಲಿ ಹೆಪ್ಪಿನ ನೂಲಾಗುವ ಪ್ರೋಟೀನಿಗೆ. ಸಾಮಾನ್ಯವಾಗಿ ಲೀಟರಿಗೆ 2ರಿಂದ 4 ಗ್ರಾಂ ಇರುವ ಅದು 1.5ಕ್ಕಿಂತ ಇಳಿದರೆ ಹೆಪ್ಪು ಗಟ್ಟಿಯಾಗಿ ನಿಲ್ಲದು. ಮಗ್ಗ ಓಡುತ್ತಿದೆ, ನೂಲೇ ಇಲ್ಲ. ಆ 34 ಸಮೀಕರಣಗಳು ಥ್ರಾಂಬಿನ್ ಹತ್ತಿರ ಬಂದು ನಿಲ್ಲುತ್ತವೆ. ನೂಲಿನ ಲೆಕ್ಕ, ಪ್ಲೇಟ್‌ಲೆಟ್, ರಕ್ತದ ಹರಿವು, ಇವನ್ನು ಬೇರೆಯಾಗಿ ಸೇರಿಸಲೇಬೇಕು.

ಇನ್ನು ಆಮ್ಲ. ತುಂಬಾ ರಕ್ತ ಹೋದವರಲ್ಲಿ ಉಳಿದ ರಕ್ತ ಆಮ್ಲೀಯವಾಗುತ್ತದೆ, ಅಂದರೆ ಅದರ ಪಿಎಚ್ ಇಳಿಯುತ್ತದೆ. ಪಿಎಚ್ 7.4ರಿಂದ 7.0ಕ್ಕೆ ಇಳಿದರೆ, ಪ್ರೊಥ್ರಾಂಬಿನ್ನನ್ನು ಥ್ರಾಂಬಿನ್ ಮಾಡುವ ಹತ್ತನೆಯ ಮತ್ತು ಐದನೆಯ ಅಂಶಗಳ ಜೋಡಿಯ ಚಟುವಟಿಕೆ ಪ್ರಯೋಗಾಲಯದಲ್ಲಿ ಶೇ. 70ರಷ್ಟು ತಗ್ಗಿದ್ದುಂಟು. ಕೂಡಿಟ್ಟ ರಕ್ತ ಕೊಟ್ಟಾಗ ಅದರೊಳಗಿನ ಸಿಟ್ರೇಟು ಹೆಪ್ಪುಗಟ್ಟಲು ಬೇಕಾದ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದೂ ನೆನಪಿರಲಿ.

ಎಲ್ಲಕ್ಕಿಂತ ಹೆಚ್ಚಾಗಿ ಮೋಸಹೋಗುವುದು ಚಳಿಯ ವಿಷಯದಲ್ಲಿ. ರೋಗಿಯ ಮೈ 33 ಡಿಗ್ರಿಗೆ ಇಳಿದಿರುತ್ತದೆ. ಲ್ಯಾಬಿನವರು ಮಾದರಿ ರಕ್ತವನ್ನು 37ಕ್ಕೆ ಬಿಸಿ ಮಾಡಿ ಪರೀಕ್ಷಿಸುತ್ತಾರೆ. ರಿಪೋರ್ಟು ಚೊಕ್ಕ, ರಕ್ತಸ್ರಾವ ಮಾತ್ರ ನಿಂತಿಲ್ಲ. ಗಣಿತದಲ್ಲಾದರೆ ಪ್ರತಿ ವೇಗ ಸ್ಥಿರಾಂಕವನ್ನೂ ರೋಗಿಯ ಉಷ್ಣಾಂಶಕ್ಕೆ ತಿದ್ದಿಕೊಳ್ಳಬಹುದು. ಅದಕ್ಕೆ ಸ್ಯಾಂಪಲ್ ಜೊತೆ ಹೋಗುವ ಚೀಟಿಯಲ್ಲಿ ಮೈ ಉಷ್ಣಾಂಶವನ್ನೂ ಬರೆದಿರಬೇಕು.